ಅಶ್ವತ್ಥಪ್ಪನ ತೇಲುಕಟ್ಟೆ

ನಾನು ನಮ್ಮ ಗ್ರಾಮ ಪಂಚಾಯಿತಿಯ ಬಿಲ್ ಕಲೆಕ್ಟರ್. ಈ ಕೆಲಸದವನನ್ನು ಕಂಡರೆ ಊರಿನಲ್ಲಿ ಯಾರಿಗೂ ಆಗುವುದಿಲ್ಲ. ನೀರಿನ ತೆರಿಗೆ ಕೇಳಲು ಮನೆಗೆ ಹೋದರೆ ಯಜಮಾನ ಹೊಲಕ್ಕೆ ಹೋಗಿರುತ್ತಾನೆ, ಹೊಲಕ್ಕೆ ಹೋದರೆ ಬಂಗಾರಪೇಟೆಗೆ ಹೋಗಿರುತ್ತಾನೆ. ಅಂಥ ನನ್ನನ್ನು ಕಂಡಾಗಲೆಲ್ಲ ಕೂರಿಸಿ ಟೀ ಕೊಡುತ್ತಿದ್ದವನು ಅಶ್ವತ್ಥಪ್ಪ ಒಬ್ಬನೇ. ಅವನಿಗೇ ನೋಟಿಸು ತಲುಪಿಸುವ ಕೆಲಸ ನನ್ನ ಕುತ್ತಿಗೆಗೆ ಬಿದ್ದಾಗ ನನಗೆ ಮೈಯೆಲ್ಲ ಉರಿದುಹೋಯಿತು. ನೋಟಿಸು ಬರೆದವರು ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತಿರುತ್ತಾರೆ, ಬೈಸಿಕೊಳ್ಳುವವನು ಹಿಡಿದುಕೊಂಡು ಹೋದವನು.

ಕ್ಯಾಸಂಬಳ್ಳಿ ರಸ್ತೆಯಲ್ಲಿರುವ ನಮ್ಮ ಮುದ್ದನಾಯಕನ ಕೆರೆ ವರ್ಷಗಟ್ಟಲೆ ಬರೀ ಜಾಲಿ ಬೆಳೆದು ಒಣಗಿತ್ತು. ಒಳ್ಳೆ ಮಳೆಯಾಗಿ ಕೆರೆ ತುಂಬಿದ ವರ್ಷ ಊರಿನವರೆಲ್ಲ ಮೀನಿನ ಮೇಲೆ ಕಣ್ಣಿಟ್ಟರೆ ಅಶ್ವತ್ಥಪ್ಪ ಬೋಟಿನ ಮೇಲೆ ಕಣ್ಣಿಟ್ಟ. ಎಲ್ಲೋ ಮುಚ್ಚಿಹೋದ ಪಾರ್ಕೊಂದರಿಂದ ನಾಲ್ಕು ಹಳೆಯ ಪೆಡಲ್ ಬೋಟುಗಳನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದ. ಅದರಲ್ಲಿ ಒಂದು ಹಂಸ. ಅದರ ಕತ್ತು ಮುರಿದಿತ್ತು. ಇವನು ಸರಿಮಾಡಿ ಜೋಡಿಸಿದ ಮೇಲೆ ಅದು ಹಂಸವಾಗಿ ಉಳಿಯಲಿಲ್ಲ, ನಾಟಿ ಕೋಳಿಯಾಯಿತು. ಆದರೂ ಭಾನುವಾರ ಕೆ.ಜಿ.ಎಫ್.ನಿಂದ, ಬಂಗಾರಪೇಟೆಯಿಂದ ಸ್ಕೂಟರಿನಲ್ಲಿ ಬರುವ ಮಕ್ಕಳು ಮೊದಲು ಕೇಳುತ್ತಿದ್ದುದು ಆ ಕೋಳಿ ಬೋಟನ್ನೇ.

ಅಶ್ವತ್ಥಪ್ಪನಿಗೆ ನೀರು ಹೊಸದು. ಅವನ ವಯಸ್ಸೆಲ್ಲ ಕಳೆದದ್ದು ನೆಲದ ಕೆಳಗೆ. ಚಿನ್ನದ ಗಣಿ ಮುಚ್ಚುವವರೆಗೂ ಅವನು ಟಿಂಬರ್‌ಮ್ಯಾನ್. ಸುರಂಗದ ಮೇಲ್ಭಾಗ ಕುಸಿಯದಂತೆ ಮರದ ದಿಮ್ಮಿಗಳನ್ನು ನಿಲ್ಲಿಸಿ, ಸಂದಿಗೆ ಬೆಣೆ ಹೊಡೆದು ಬಿಗಿ ಮಾಡುವ ಕೆಲಸ. ಬೆಳಗ್ಗೆ ಇಲ್ಲಿಂದ ಸೈಕಲ್ ತುಳಿದು ಹೋಗಿ ಇಳಿದರೆ ಮತ್ತೆ ಸೂರ್ಯನನ್ನು ಕಾಣುತ್ತಿದ್ದುದು ಸಂಜೆಗೆ. ಗಣಿ ಮುಚ್ಚಿದ ಮೇಲೆ ಎಲ್ಲರಂತೆ ಅವನೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಓಡಾಡಿದ. ಒಂದು ದಿನ ಅದನ್ನು ಬಿಟ್ಟ. ಯಾಕೆ ಅಂದರೆ "ಬಿಟ್ಟೆ ಕಣ್ಲಾ" ಎನ್ನುತ್ತಿದ್ದ, ಅಷ್ಟೇ. ಬೋಟುಗಳು ಬಂದ ಮೇಲೆ ಮಾತ್ರ ಅವನ ಮುಖಕ್ಕೆ ಕಳೆ ಬಂತು. ಜೀವನದಲ್ಲಿ ಮೊದಲ ಸಲ ಬಿಸಿಲಿನಲ್ಲಿ, ತನ್ನದೇ ಕೆಲಸ ಮಾಡಿಕೊಂಡು ಕೂತಿದ್ದ.

ಬೋಟು ಹತ್ತಿ ಇಳಿಯಲು ಒಂದು ಕಟ್ಟೆ ಬೇಕಲ್ಲ? ಅದನ್ನು ಅವನು ತನ್ನ ಗಣಿಯ ಜೊತೆಗಾರ ಆರುಮುಗಂನನ್ನು ಕರೆಸಿಕೊಂಡು ತಾನೇ ಕಟ್ಟಿದ. ಕೆರೆಯ ಅಂಗಳದಲ್ಲಿ ಗುಂಡಿ ತೋಡಿ ನೀಲಗಿರಿ ಕಂಬಗಳನ್ನು ನೆಟ್ಟು, ಅಡ್ಡಮರ ಕೊಟ್ಟು, ಸಂದಿಸಂದಿಗೂ ಬೆಣೆ ಹೊಡೆದ. ಇಬ್ಬರು ಮುದುಕರೂ ಅದರ ಮೇಲೆ ಕುಣಿದು ನೋಡಿದರು. ಕಟ್ಟೆ ಕಮಕ್ ಕಿಮಕ್ ಅನ್ನಲಿಲ್ಲ. ಆನೆ ನಿಲ್ಲಿಸಿದರೂ ಅಲುಗುತ್ತಿರಲಿಲ್ಲ. ಅದೇ ಅವನ ಹೆಮ್ಮೆ, ಅದೇ ತಂಟೆಗೂ ಕಾರಣವಾಯಿತು.

ಕೆರೆ ಅಂದರೆ ನೀರು ಎಂದುಕೊಂಡವರು ಒಮ್ಮೆ ನಮ್ಮ ಕಚೇರಿಗೆ ಬರಬೇಕು. ನೀರು ಒಂದು ಇಲಾಖೆಯದು, ನೆಲ ಇನ್ನೊಂದರದು, ಮೀನು ಮತ್ತೊಂದರದು, ಏರಿಯ ಮೇಲಿನ ಹುಣಸೆ ಮರ ಬೇರೆಯವರದು. ಬೋಟಿಗೆ ನಮ್ಮ ಪಂಚಾಯಿತಿ ತಾತ್ಕಾಲಿಕ ಅನುಮತಿ ಕೊಟ್ಟಿತ್ತು. ಕಟ್ಟೆ ಯಾರ ಪಾಲಿಗೆ ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ದಿನ ನೀರಾವರಿಯ ಸಹಾಯಕ ಎಂಜಿನಿಯರ್ ಶಶಿರೇಖ ಬಂದರು. ನಾನು ನೋಟಿಸು ಹಿಡಿದು ಅವರ ಹಿಂದೆ ಕುರಿಯ ಹಾಗೆ ನಿಂತಿದ್ದೆ.

"ಅಶ್ವತ್ಥಪ್ಪನವರೇ, ಕೆರೆ ಅಂಗಳದಲ್ಲಿ ಗುಂಡಿ ತೋಡಿ ಕಂಬ ನೆಡೋ ಹಾಗಿಲ್ಲ. ಅದೂ ಏರಿ ಬುಡದಲ್ಲೇ ನೆಟ್ಟಿದ್ದೀರ. ಕಂಬ ಕೊಳೆತರೆ ಆ ತೂತಿನಲ್ಲಿ ನೀರು ದಾರಿ ಮಾಡ್ಕೊಳ್ಳುತ್ತೆ. ಏರಿ ಜಾರಿದ್ರೆ ಕೆಳಗಿನ ಗದ್ದೆ, ಮನೆ ಎಲ್ಲಾ ಹೋಗುತ್ತೆ" ಎಂದರು.

"ನನ್ನ ಕಂಬ ಕೊಳೆಯಕಿಲ್ಲ ಮೇಡಂ. ಗಣಿಯಾಗೆ ನಾನು ನಿಲ್ಸಿದ್ ಮರ ಇವತ್ಗೂ ನಿಂತೈತೆ."

"ಅದನ್ನ ಇಳಿದು ನೋಡಿದೋರು ಯಾರು?"

ಗಣಿಗೆ ನೀರು ತುಂಬಿ ಎಷ್ಟೋ ವರ್ಷವಾಗಿದೆ. ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಅಶ್ವತ್ಥಪ್ಪನ ಮುಖ ಸಣ್ಣದಾಯಿತು. ಮೇಡಂ ನಗಲಿಲ್ಲ. ನಕ್ಕವರ ಕಡೆ ಒಂದು ಸಲ ನೋಡಿದರು, ಎಲ್ಲರೂ ಬಾಯಿ ಮುಚ್ಚಿದರು.

"ಬೋಟು ನಿಲ್ಲಿಸಿ ಅಂತ ಹೇಳೋಕೆ ನಾನು ಬಂದಿಲ್ಲ. ತೇಲೋ ಕಟ್ಟೆ ಮಾಡಿ. ಡ್ರಮ್ಮಿನ ಮೇಲೆ ಹಲಗೆ ಹಾಕಿ. ದಸರಾವರೆಗೂ ಟೈಂ ಕೊಡಿಸ್ತೀನಿ. ಅಲ್ಲಿವರೆಗೆ ಯಾರನ್ನೂ ಹತ್ತಿಸಬೇಡಿ. ನಾನೇ ಬಂದು ನೋಡಿ ಸರಿಯಿದೆ ಅಂತ ಬರೆದ ಮೇಲೆ ಅನುಮತಿ ಖಾಯಂ."

"ತೇಲೋದು ಅಂದ್ರೆ, ಅಲುಗ್ತದಲ್ಲ ಮೇಡಂ?"

"ಅಲುಗಲೇಬೇಕು."

ಅವರು ಹೋದ ಮೇಲೆ ಅವನು ನನ್ನ ಮೇಲೆ ಹರಿಹಾಯ್ದ. "ಅಲುಗಲೇಬೇಕಂತೆ! ಕಾಲ್ ಕೆಳಗೆ ಅಲುಗಿದ್ರೆ ಏನಾಗ್ತದೆ ಅಂತ ನಿಂಗೇನ್ಲಾ ಗೊತ್ತು ವೆಂಕಿ?" ಎಂದ. ಗಣಿಯ ಮಂದಿ ಏರ್ ಬ್ಲಾಸ್ಟ್ ಎನ್ನುತ್ತಾರೆ. ಆಳದಲ್ಲಿ ಬಂಡೆ ತಾನಾಗಿ ಸಿಡಿಯುವುದು. ಮೇಲೆ ಊರಿನಲ್ಲಿ ಪಾತ್ರೆ ಅಲುಗಿದರೆ, ಕೆಳಗಿದ್ದವರಿಗೆ ನೆಲವೇ ಅಲುಗುತ್ತಿತ್ತು. ಅಂಥ ಎಷ್ಟೋ ಅಲುಗಾಟಗಳಲ್ಲಿ ಅಶ್ವತ್ಥಪ್ಪ ತಾನು ಬೆಣೆ ಹೊಡೆದ ಮರವನ್ನೇ ತಬ್ಬಿಕೊಂಡು ಬದುಕಿ ಬಂದವನು. ಬಿಗಿಯಾಗಿರುವುದು ಮಾತ್ರ ಕಾಯುತ್ತದೆ ಎನ್ನುವುದು ಅವನಿಗೆ ಯಾರೋ ಹೇಳಿಕೊಟ್ಟ ಪಾಠವಲ್ಲ, ಮೈಯೇ ಕಲಿತದ್ದು. ಅಂಥವನಿಗೆ ಅಲುಗುವ ಕಟ್ಟೆ ಕಟ್ಟು ಎಂದರೆ ಹೇಗೆ? ನನಗೆ ಅವನನ್ನು ನೋಡಿ ಪಾಪ ಅನ್ನಿಸಿತು. ಆದರೆ ಮೇಡಂ ಹೇಳಿದ್ದರಲ್ಲೂ ತಪ್ಪು ಕಾಣಲಿಲ್ಲ. ಏರಿಯ ಕೆಳಗಿನ ಮನೆಗಳಲ್ಲಿ ನನ್ನದೂ ಒಂದು.

ಒಂದು ವಾರ ಮುನಿಸಿಕೊಂಡಿದ್ದ. ಆಮೇಲೆ ತಾನೇ ಕಂಬಗಳನ್ನು ಕಿತ್ತ. ಗುಂಡಿಗಳಿಗೆ ಜೇಡಿಮಣ್ಣು ತುಂಬಿ ದಮ್ಮಸು ಹೊಡೆದು ಗಟ್ಟಿ ಮಾಡಿದ. ಒಂದು ಸಂಜೆ ಶಶಿರೇಖ ಮೇಡಂ ಸ್ಕೂಟರಿನಲ್ಲಿ ಬಂದು ಆ ಗುಂಡಿಗಳನ್ನು ಕಾಲಿನಿಂದ ಒತ್ತಿ ನೋಡಿ, "ಚೆನ್ನಾಗಿ ಮುಚ್ಚಿದ್ದೀರ" ಅಂದರು. ಆ ಒಂದು ಮಾತಿಗೆ ಇವನು ಮೆತ್ತಗಾದ. ಮುತ್ಯಾಲಮ್ಮ, ಅಂದರೆ ಅವನ ಹೆಂಡತಿ, ಅವರಿಗೆ ಬೇಯಿಸಿದ ಕಡಲೆಕಾಯಿ ಕೊಟ್ಟಳು. ಅಲ್ಲಿಂದ ಮುಂದೆ ನಿಯಮದ ಮಾತೆಲ್ಲ ಏರಿಯ ಮೇಲೆ, ಕಡಲೆಕಾಯಿ ಸಿಪ್ಪೆಯ ನಡುವೆಯೇ ನಡೆಯಿತು. ಮೂರೂ ಕಡೆ ಕಂಬಿ ಇರಬೇಕು ಎಂದರು ಅವರು. ಹಾಗಾದರೆ ಬೋಟು ಎಲ್ಲಿ ತಾಗಿಸಲಿ ಎಂದು ಇವನು ಕೇಳಿದ. ಕಡೆಗೆ ಒಂದು ಬದಿಗೆ ತೆಗೆದು ಹಾಕುವ ಸರಪಳಿ ಎಂದಾಯಿತು. ಡ್ರಮ್ಮುಗಳನ್ನು ಒಂದೊಂದಾಗಿ ಕಟ್ಟುವ ಬದಲು ಕಬ್ಬಿಣದ ಚೌಕಟ್ಟಿನೊಳಗೆ ಕೂರಿಸೋಣ, ಒಂದು ತೂತಾದರೂ ಕಟ್ಟೆ ವಾಲುವುದಿಲ್ಲ ಎಂದು ಇವನು ಹೇಳಿದ್ದನ್ನು ಅವರು ಒಪ್ಪಿಕೊಂಡರು. ಸರ್ಕಾರದ ಕಾಗದದಲ್ಲಿ ತನ್ನ ಮಾತು ಸೇರಿತು ಎಂದು ಅವನು ಊರಿಗೆಲ್ಲ ಹೇಳಿಕೊಂಡು ತಿರುಗಿದ.

ಒಂದು ವಿಷಯ ಮಾತ್ರ ಅವನ ಗಂಟಲಿನಲ್ಲಿ ಇಳಿಯಲಿಲ್ಲ. ಕಟ್ಟೆ ತೇಲಿಕೊಂಡು ಹೋಗದಂತೆ ಅದರ ಹೊರಬದಿಗೆ ಕಾಂಕ್ರೀಟಿನ ಎರಡು ದಪ್ಪ ಗುಂಡುಗಳನ್ನು ಹಗ್ಗದಲ್ಲಿ ಕಟ್ಟಿ ಕೆರೆಯ ತಳಕ್ಕೆ ಇಳಿಬಿಡಬೇಕು. ದಡದ ಕಡೆಗೂ ಎರಡು ಹಗ್ಗ. ಎಲ್ಲ ಹಗ್ಗವೂ ಸಡಿಲವಾಗಿರಬೇಕು. "ನೀರು ಏರಿದ್ರೆ ಕಟ್ಟೆಯೂ ಏರಬೇಕು" ಎಂದು ಮೇಡಂ ಎರಡೆರಡು ಸಲ ಹೇಳಿದ್ದರು. ಇವನು ಹೂಂ ಎಂದಿದ್ದ.

ದಸರಾ ಹತ್ತಿರ ಬಂದಾಗ ಕಟ್ಟೆ ನೀರಿಗಿಳಿಯಿತು. ನೀಲಿ ಡ್ರಮ್ಮು, ಹೊಸ ಹಲಗೆ, ನೋಡಲು ಅಂದವಾಗಿತ್ತು. ಮುತ್ಯಾಲಮ್ಮ ಸೆರಗು ಸಿಕ್ಕಿಸಿಕೊಂಡು ಹೋಗಿ ನಡುವೆ ನಿಂತಳು. ಅಶ್ವತ್ಥಪ್ಪ ಒಂದು ಕಾಲಿಟ್ಟ, ಕಟ್ಟೆ ತುಸು ಬಳುಕಿತು, ಬೆಂಕಿ ತುಳಿದವನಂತೆ ಹಿಂದಕ್ಕೆ ಹಾರಿದ.

"ಏನು ಅಂಗ್ ನೋಡ್ತಾ ನಿಂತೆ? ನಾನೇ ನಿಂತಿವ್ನಿ, ನಿಂಗೇನಾಗೈತೆ ಬಾ" ಎಂದಳು ಅವಳು.

"ನೀನು ನಿಂತ್ಕೊ. ನಿಂಗೆ ಬುದ್ಧಿ ಇಲ್ಲ" ಎಂದು ಅವನು ದಡದಲ್ಲೇ ಬೀಡಿ ಹಚ್ಚಿದ.  ನಾವೆಲ್ಲ ಬೇಕೆಂದೇ ಬೇರೆ ಕಡೆ ನೋಡಿದೆವು.

ಆಯುಧ ಪೂಜೆಯ ಬೆಳಗ್ಗೆ ಅವನು ಒಂಟಿಯಾಗಿ ಕೆರೆಗೆ ಹೋದ. ಎರಡು ದಿನ ಬಿಟ್ಟು ಮೇಡಂ ನೋಡಲು ಬರುವವರು. ಅದರ ಮರುದಿನ ಭಾನುವಾರ, ರಜೆಯ ಜನವೆಲ್ಲ ಅಂದೇ ಬರುವುದು. ಅಲುಗುವ ಕಟ್ಟೆಯ ಮೇಲೆ ಯಾರದೋ ಮಕ್ಕಳು ನಿಲ್ಲುವುದನ್ನು ನೆನೆದು ಅವನಿಗೆ ನಿದ್ದೆ ಬಂದಿರಲಿಲ್ಲವಂತೆ. ಹೊಟ್ಟೆಯ ಮೇಲೆ ತೆವಳಿಕೊಂಡು ಕಟ್ಟೆಯ ಹೊರಬದಿಗೆ ಹೋಗಿ, ಸಡಿಲವಾಗಿದ್ದ ಎರಡು ಹಗ್ಗಗಳನ್ನೂ ಎಳೆದು ಬಿಗಿದು, ಚೌಕಟ್ಟಿನ ಸಂದಿಯಲ್ಲಿ ಬೆಣೆ ಹೊಡೆದ. ಗಣಿಯಲ್ಲಿ ಪಾಳಿ ಮುಗಿಸುವ ಮೊದಲು ಮಾಡುತ್ತಿದ್ದಂತೆ ಪ್ರತಿ ಬೆಣೆಯನ್ನೂ ತಟ್ಟಿ ಸದ್ದು ಕೇಳಿದ. ಕಟ್ಟೆ ಅಲುಗುವುದು ನಿಂತಿತು. ಆಮೇಲೆ ಎದ್ದು ನಿಂತು ಅದರ ಮೇಲೆ ನಡೆದ. ಖುಷಿಯಾಗಿ ಮನೆಗೆ ಬಂದು, ಸುತ್ತಿಗೆ, ಗರಗಸ, ಕೊಡತಿಗಳನ್ನೆಲ್ಲ ತೊಳೆದು ಅರಿಶಿನ ಕುಂಕುಮ ಹಚ್ಚಿ ಪೂಜೆಗಿಟ್ಟ.

ಮಧ್ಯಾಹ್ನ ಎಲೆ ಅಡಿಕೆಗೆ ಬಂದ ಆರುಮುಗಂ ಕೆರೆಯ ಏರಿಯ ಮೇಲೆ ಹಾಯ್ದು ಬಂದಿದ್ದ. "ಇದೆನ್ನಪ್ಪಾ ಅಶ್ವತ್, ಇಷ್ಟು ಟೈಟ್ ಮಾಡ್ಬಿಟ್ಟೆ? ಮಳೆ ಬರೋ ಹಂಗಿದೆ, ಲೂಸ್ ಬಿಡಪ್ಪ" ಎಂದ.

"ಇವತ್ತು ಸುತ್ತಿಗೆ ಮುಟ್ಟಂಗಿಲ್ಲ" ಎಂದು ಅಶ್ವತ್ಥಪ್ಪ ಪೂಜೆಯ ಕಡೆ ಕೈ ತೋರಿಸಿದ. ಆರುಮುಗಂ ಕೈ ಮುಗಿದ. ಪೂಜೆಗಿಟ್ಟ ಹತಾರನ್ನು ಮರುಪೂಜೆಯಾಗದೆ ಎತ್ತುವುದು ಅವನಿಗೂ ಸರಿ ಕಾಣಲಿಲ್ಲ. ಮರುದಿನ ವಿಜಯದಶಮಿಗೆ ಗಂಡ ಹೆಂಡತಿ ಬೂದಿಕೋಟೆಯ ಮಗಳ ಮನೆಗೆ ಹೋದರು. ಎಲ್ಲೋ ಸಮುದ್ರದಲ್ಲಿ ಸೈಕ್ಲೋನ್ ಎದ್ದಿತಂತೆ, ನಮ್ಮಲ್ಲಿ ಅಂದು ಹಗಲೂ ರಾತ್ರಿಯೂ ಒಂದೇ ಸಮನೆ ಮಳೆ ಹುಯ್ಯಿತು.

ಶನಿವಾರ ಬೆಳಗ್ಗೆ ಮೇಡಂ, ನಾನು, ಬಸ್ಸಿಳಿದು ಬಂದ ಅಶ್ವತ್ಥಪ್ಪ, ಎಲ್ಲರೂ ಒಟ್ಟಿಗೇ ಏರಿ ಹತ್ತಿದೆವು. ಕೆರೆಗೆ ರಾತ್ರಿಯೆಲ್ಲ ಕೆಂಪು ನೀರು ಬಂದು ಮಟ್ಟ ಏರಿತ್ತು. ಕಟ್ಟೆಯ ದಡದ ಬದಿ ನೀರಿನೊಂದಿಗೆ ಎದ್ದಿತ್ತು. ಹೊರಬದಿಯನ್ನು ಬಿಗಿದ ಹಗ್ಗಗಳು ಕೆಳಕ್ಕೆ ಹಿಡಿದಿದ್ದರಿಂದ ಅದು ನೀರಿನಲ್ಲಿ ಮುಳುಗಿತ್ತು. ಜಾರುಬಂಡೆಯಂತೆ ವಾಲಿ ನಿಂತಿದ್ದ ಹಲಗೆಯ ಕೊನೆಯಲ್ಲಿ ಕೋಳಿ ಬೋಟು ಮೂಗು ನೀರಿಗಿಟ್ಟುಕೊಂಡಿತ್ತು.

 ಅಶ್ವತ್ಥಪ್ಪ ಏರಿಯಿಂದ ಇಳಿದ. ಗೂಟದಲ್ಲಿದ್ದ ಲೈಫ್ ಜಾಕೆಟ್ ತೊಟ್ಟು, ಪಕ್ಕದ ಹೊಲದ ಮನೆಯಿಂದ ಒಂದು ಗುದ್ದಲಿ ಇಸಿದುಕೊಂಡು ಬಂದ.

"ಬೇಡ, ಮೀನಿನೋರನ್ನ ಕರೆಸೋಣ" ಎಂದರು ಮೇಡಂ.

"ನಾನು ಬಡಿದ ಬೆಣೆ. ನಾನೇ ತೆಗೀಬೇಕು" ಎಂದು ಅವನು ಕಟ್ಟೆಯ ಮೇಲೆ ಕುಳಿತು ಇಳಿಜಾರಿನಲ್ಲಿ ಜರುಗುತ್ತಾ ಹೋದ. ಸೊಂಟದವರೆಗೂ ನೀರು ಬಂತು. ಗುದ್ದಲಿಯ ಹಿಂಬದಿಯಿಂದ ಹೊಡೆದ. ಒಂದು ಬೆಣೆ ಹಾರಿತು. ಎರಡನೆಯದು ಹಾರಿದ ಕೂಡಲೇ ಕಟ್ಟೆ ಅವನ ಸಮೇತ ಮೇಲಕ್ಕೆ ಚಿಮ್ಮಿ, ಎಡಕ್ಕೂ ಬಲಕ್ಕೂ ತೊನೆದಾಡಿತು. ಅವನು ಕಂಬಿ ತಬ್ಬಿಕೊಂಡು ಕಣ್ಣು ಮುಚ್ಚಿಬಿಟ್ಟ. ನಿಧಾನವಾಗಿ ಅಲುಗಾಟ ಸಣ್ಣದಾಯಿತು, ಕಟ್ಟೆ ಸಮನಾಗಿ ನಿಂತಿತು. ಅವನು ಕಣ್ಣು ತೆರೆದು ಸುತ್ತ ನೋಡಿದ. ಮೈಯೆಲ್ಲ ಒದ್ದೆ, ಆದರೆ ಅವನು ಅಳುತ್ತಿದ್ದುದು ನನಗೆ ಗೊತ್ತಾಯಿತು.

ಈಗ ಬರೆಯುವ ಮಾತು. ಮೇಡಂ ಪೆನ್ನು ತೆಗೆದು ಏರಿಯ ಕಲ್ಲಿನ ಮೇಲೆ ಕೂತರು. "ಸರಿಯಿಲ್ಲ" ಎಂದು ಬರೆದರೆ ತಾತ್ಕಾಲಿಕ ಅನುಮತಿಯೂ ಅಲ್ಲಿಗೇ ರದ್ದು. ಫೈಲು ವಾಪಸು ಹೋದರೆ ಮತ್ತೆ ಮೇಲೆ ಹತ್ತುವುದು ಯಾವಾಗಲೋ, ಹತ್ತುತ್ತದೋ ಇಲ್ಲವೋ. ಇಪ್ಪತ್ತು ವರ್ಷ ಫೈಲು ಹೊತ್ತ ನನಗೆ ಅದು ಚೆನ್ನಾಗಿ ಗೊತ್ತು. ನಾನು ಹಲ್ಲು ಗಿಂಜಿದೆ. "ಮೇಡಂ, ಈಗ ಸರಿಯಾಯ್ತಲ್ಲ. ಹಗ್ಗ ಸಡಿಲ ಆಗಿದೆ. ನೀವೇ ನೋಡಿದ್ರಿ. ನಾಳೆ ಭಾನುವಾರ. ಸರಿಯಿದೆ ಅಂತ ಬರೆದುಬಿಡಿ" ಎಂದೆ.

ಅವರು ನನ್ನನ್ನು ಬೈಯಲಿಲ್ಲ. ಅವರಿಗೂ ಮನಸ್ಸಿತ್ತು. ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡು ಅಶ್ವತ್ಥಪ್ಪನ ಕಡೆ ನೋಡಿದರು.

"ಬರೀಬ್ಯಾಡಿ ತಾಯಿ" ಎಂದ ಅವನು.

"ಏನಣ್ಣ ನೀನು!" ಎಂದೆ ನಾನು.

"ಸುಮ್ಕಿರ್ಲಾ ವೆಂಕಿ. ಬೆಂಗ್ಳೂರ್ನಾಗೆ ನಾನೂ ನಮ್ ಗಣಿ ಮುನೀಂದ್ರನೂ ಒಂದು ಬಿಲ್ಡಿಂಗ್ನಾಗೆ ಸಾರುವೆ ಕಟ್ತಿದ್ವಿ. ಒಂದ್ ದಿನ ಬೊಂಬು ಸರಿ ಇರ್ಲಿಲ್ಲ. ಚೆಕ್ ಮಾಡಕ್ ಬಂದೋನಿಗೂ ಗೊತ್ತು. ನಾಳೆ ಕಾಂಕ್ರೀಟ್ ಆಕ್ಬೇಕು, ಓಕೆ ಅಂತ ಬರ್ಕೊಳಿ ಅಂದ್ರು ಮೇಸ್ತ್ರಿ. ಪಾಪ ಅಂತ ಬರ್ದ. ನಾವೂ ಕೂಲಿ ಓಗ್ತದೆ ಅಂತ ಸುಮ್ಕಿದ್ವಿ. ಮುನೀಂದ್ರ ಮ್ಯಾಕೆ ಅತ್ದೋನು ಕೆಳಗಿಳಿದಿದ್ದು ಎಣವಾಗಿ." ಅವನು ಉಸಿರು ತೆಗೆದುಕೊಂಡ. "ಪಾಪ ಅಂತ ಬರೀಬ್ಯಾಡಿ ಮೇಡಂ. ನಾಳೆ ಇದು ಆಗಿದ್ರೆ? ಮ್ಯಾಲೆ ಮಕ್ಳು ಇದ್ದಿದ್ರೆ? ಸರಿ ಇಲ್ಲ ಅಂತ್ಲೇ ಬರೀರಿ. ಸಡಿಲ ಬಿಡಾದು ನಾನು ಇನ್ನೂ ಕಲ್ತಿಲ್ಲ."

ಬೆಂಗಳೂರಿನ ಕೆಲಸ ಯಾಕೆ ಬಿಟ್ಟ ಎನ್ನುವುದು ನನಗೆ ಅಂದು ಗೊತ್ತಾಯಿತು. ನಾಚಿಕೆಯಿಂದ ನನ್ನ ತಲೆ ಮೇಲೇಳಲಿಲ್ಲ. ಶಶಿರೇಖ ಮೇಡಂ ಕಣ್ಣೊರೆಸಿಕೊಂಡು "ಸರಿಯಿಲ್ಲ" ಎಂದು ಬರೆದರು. ಅವನು ಕೆಳಗೆ ಸಹಿ ಹಾಕಿದ.

ಭಾನುವಾರ ಜನವೋ ಜನ. ಅಶ್ವತ್ಥಪ್ಪ ಏರಿಯ ಮೇಲೆ ನಿಂತು ಒಬ್ಬೊಬ್ಬರಿಗೂ ಇವತ್ತು ಇಲ್ಲ ಎಂದು ಹೇಳಿ ಕಳಿಸಿದ. ಕೆಲವರು ಬೈದರು, ಅಷ್ಟು ದೂರ ಪೆಟ್ರೋಲು ಸುಟ್ಟುಕೊಂಡು ಬಂದಿದ್ದೇವೆ ಎಂದರು. ಒಂದು ಮಗು ಕೋಳಿ ಬೋಟಿಗಾಗಿ ನೆಲಕ್ಕೆ ಬಿದ್ದು ಅತ್ತಿತು. ಅವನು ಎಲ್ಲವನ್ನೂ ಕೇಳಿಸಿಕೊಂಡ. ಸಂಜೆ ಜನ ಕರಗಿದ ಮೇಲೆ ಕಟ್ಟೆಯ ಮೇಲೆ ಹೋಗಿ ನಿಂತ. ಮೊದಲು ಕಂಬಿ ಹಿಡಿದು, ಆಮೇಲೆ ಬಿಟ್ಟು. ಅದೇ ಅಭ್ಯಾಸವಾಯಿತು. ಬೆಳಗಿನ ಟೀಯನ್ನೂ ಅಲ್ಲೇ ಕುಡಿಯತೊಡಗಿದ. ಮೊದಮೊದಲು ಅರ್ಧ ಟೀ ಅಂಗಿಯ ಮೇಲೇ ಬೀಳುತ್ತಿತ್ತು, ಮುತ್ಯಾಲಮ್ಮ ದಿನಾ ಬೈದುಕೊಂಡು ಅಂಗಿ ಒಗೆಯುತ್ತಿದ್ದಳು.

ಫೈಲು ಇತ್ತ ನಾನು ಹಿಡಿದು ಎಳೆದೆ, ಅತ್ತ ಮೇಡಂ ತಳ್ಳಿದರು. ಯಾವ ಕಚೇರಿಯಲ್ಲಿ ಯಾರ ಮೇಜಿನ ಮುಂದೆ ನಿಂತೆ ಎಂದು ಬರೆಯುತ್ತಾ ಹೋದರೆ ಅದೇ ಒಂದು ಪುರಾಣವಾಗುತ್ತದೆ, ಬಿಡಿ. ಕಾರ್ತಿಕ ಮಾಸ ಕಳೆಯುವ ಹೊತ್ತಿಗೆ ಮರುಪರಿಶೀಲನೆಯ ದಿನ ಬಂತು. ಮೇಡಂ ಹಗ್ಗದ ಸಡಿಲ ಅಳೆದರು. ನನ್ನನ್ನೂ, ಆರುಮುಗಂನನ್ನೂ, ಜೀಪಿನ ಡ್ರೈವರನ್ನೂ ಒಂದೇ ಬದಿಗೆ ನಿಲ್ಲಿಸಿ ಕುಣಿಸಿದರು. ಕಡೆಗೆ ತಾವೇ ಅಂಚಿನಲ್ಲಿ ನಿಂತು ನೋಡಿ, ದಡಕ್ಕೆ ಇಳಿದು ಬಂದು "ಸರಿಯಿದೆ" ಎಂದು ಬರೆದರು. ದಿನಾ ಬೋಟು ಬಿಡುವ ಮೊದಲು ಹಗ್ಗದ ಸಡಿಲವನ್ನು ಅಶ್ವತ್ಥಪ್ಪನೇ ನೋಡಬೇಕು ಎಂಬ ಷರತ್ತನ್ನೂ ಸೇರಿಸಿದರು. ಅವನು ಆ ಷರತ್ತನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದ.

ಬೋಟು ಮತ್ತೆ ಶುರುವಾಗುವ ದಿನ ಪಂಚಾಯಿತಿ ಅಧ್ಯಕ್ಷರನ್ನು ಮೊದಲು ಕೂರಿಸೋಣ ಎಂದು ನಾನು ಹೇಳಿದೆ. ಅವನು ಕೇಳಲಿಲ್ಲ. ಬೆಳಗ್ಗೆಯೇ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸಿಗೆ ಆಟೋ ತೆಗೆದುಕೊಂಡು ಹೋಗಿ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದ. ಬಿಳಿ ಕೂದಲು, ಇಸ್ತ್ರಿ ಮಾಡಿದ ಹಸಿರು ಸೀರೆ, ಕಾಲಿಗೆ ಹೊಸ ಚಪ್ಪಲಿ. ಮುನೀಂದ್ರನ ಹೆಂಡತಿ ಕದಿರಮ್ಮ ಎಂದು ಪರಿಚಯ ಮಾಡಿಸಿದ. ಬೋಟು ಎಂಬುದನ್ನು ಅವಳು ಹತ್ತಿರದಿಂದ ನೋಡಿದ್ದು ಅದೇ ಮೊದಲಂತೆ.

ಅಶ್ವತ್ಥಪ್ಪ ಮುಂದೆ ನಡೆದು ಕಟ್ಟೆಯ ನಡುವೆ ನಿಂತು ಕೈ ಚಾಚಿದ. ಕದಿರಮ್ಮ ಚಪ್ಪಲಿ ಬಿಟ್ಟು ಒಂದು ಕಾಲಿಟ್ಟಳು. ಕಟ್ಟೆ ಬಳುಕಿತು. ಅವಳು ಗಾಬರಿಯಿಂದ ಅಲ್ಲೇ ನಿಂತುಬಿಟ್ಟಳು.

"ಅಯ್ಯೋ, ಅಲುಗ್ತೈತಲ್ಲಣ್ಣಾ!"

"ಅಲುಗ್ಲಿ ಬಾರಮ್ಮ" ಎಂದ ಅಶ್ವತ್ಥಪ್ಪ. "ಅಲುಗ್ತೈತೆ ಅಂತ್ಲೇ ಮೇಡಂ ಸೈನ್ ಆಕಿರಾದು."

ಕದಿರಮ್ಮ ಅವನ ಕೈ ಹಿಡಿದು ಇನ್ನೊಂದು ಕಾಲನ್ನೂ ಎತ್ತಿಟ್ಟಳು.